ಹೆಣ್ಣು ನವಿಲಿಗೊಂದು ಅರಿಕೆ

ತಾಯಿ ಕರ್ಪಗಾಂಬೆ, ಚೆನ್ನೈನ ಮೈಲಾಪುರದ ನಿನ್ನ ಸನ್ನಿಧಿಯಲ್ಲಿ ಕೈಮುಗಿದು ನಿಂತವರು ಕೇಳುವುದು ಮಗಳಿಗೊಂದು ಒಳ್ಳೆಯ ಗಂಡು, ಸೊಸೆಗೊಂದು ಮಗು, ಮಗನಿಗೆ ಅಮೆರಿಕದ ವೀಸಾ. ನಾನು ಹೊತ್ತು ಬಂದಿರುವುದೂ ಗಂಡುಹೆಣ್ಣಿನ, ಮಕ್ಕಳುಮರಿಯ ವಿಚಾರವೇ. ಆದರೆ ನನ್ನ ಮನೆಯದಲ್ಲ. ಇದೇ ಊರಿನ ಗಿಂಡಿಯ ಬಯಲಲ್ಲಿ ಉಳಿದಿರುವ ಕೃಷ್ಣಮೃಗಗಳದ್ದು, ಬೆಸೆಂಟ್ ನಗರದ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳದ್ದು. ಇಂಥ ಅರ್ಜಿಯನ್ನು ಯಾವ ದೇವರು ತೆಗೆದುಕೊಂಡಾರು ಎಂದು ಯೋಚಿಸಿದಾಗ ನಿನ್ನ ಹೊರತು ಬೇರೆ ಯಾರೂ ಹೊಳೆಯಲಿಲ್ಲ.

ಯಾಕೆಂದರೆ ನೀನು ನವಿಲಾಗಿದ್ದವಳು. ಅದರಲ್ಲೂ ಹೆಣ್ಣು ನವಿಲು. ಶಿವ ಪಾರ್ವತಿಯಾದ ನಿನಗೆ ಪಂಚಾಕ್ಷರಿಯ ಮಹಿಮೆ ಹೇಳುತ್ತಿದ್ದಾಗ ಎದುರಿಗೊಂದು ಗಂಡು ನವಿಲು ಗರಿಗೆದರಿ ಕುಣಿಯಿತಂತೆ, ನಿನ್ನ ಕಣ್ಣು ಅತ್ತ ಹೊರಳಿತಂತೆ. ಅಷ್ಟಕ್ಕೇ ಶಾಪ. ಭೂಮಿಗಿಳಿದು ಸುರಹೊನ್ನೆಯ ನೆರಳಲ್ಲಿ ಲಿಂಗವನ್ನು ಪೂಜಿಸಿ ನೀನು ಮತ್ತೆ ಅವನನ್ನು ಪಡೆದೆ ಎನ್ನುತ್ತದೆ ಇಲ್ಲಿನ ಸ್ಥಳಪುರಾಣ. ಗುಡಿಯ ಪ್ರಾಕಾರದಲ್ಲಿ ಆ ಮರದ ಬಳಿಯೇ, ಕೊಕ್ಕಿನಲ್ಲಿ ಹೂ ಹಿಡಿದು ಲಿಂಗದ ಮುಂದೆ ನಿಂತ ನವಿಲಾಗಿ ನಿನ್ನನ್ನು ಕಾಣುತ್ತೇವೆ. ಜನ ಇದನ್ನು ಮನಸ್ಸು ಚಂಚಲವಾದುದಕ್ಕೆ ಸಿಕ್ಕ ಶಿಕ್ಷೆಯ ಕಥೆಯಾಗಿ ಹೇಳಿಕೊಂಡು ಬಂದಿದ್ದಾರೆ. ನನಗೆ ಮಾತ್ರ ಹಾಗನ್ನಿಸುವುದಿಲ್ಲ, ಕ್ಷಮಿಸು. ಹೆಣ್ಣೊಂದು ಹಾಗೆ ನೋಡದೇ ಹೋಗಿದ್ದರೆ ಆ ಗಂಡಿಗೆ ಕೆದರಲು ಗರಿಯೇ ಇರುತ್ತಿರಲಿಲ್ಲ.

ಇದು ನನ್ನ ಭಕ್ತಿಯ ಉತ್ಪ್ರೇಕ್ಷೆಯಲ್ಲ ತಾಯಿ. ಚಾರ್ಲ್ಸ್ ಡಾರ್ವಿನ್ ಎಂಬ ಗಡ್ಡದ ಮುದುಕ 1871ರಲ್ಲಿ ಬರೆದಿಟ್ಟ ಮಾತಿನ ಸಾರ. ಅದಕ್ಕೂ ಹನ್ನೆರಡು ವರ್ಷ ಹಿಂದೆ, 1859ರಲ್ಲಿ, ಆತ ಇನ್ನೊಂದು ಆಯ್ಕೆಯ ಬಗ್ಗೆ ಹೇಳಿದ್ದ: ಹುಟ್ಟುವ ಮರಿಗಳು ಬದುಕಬಲ್ಲಷ್ಟಕ್ಕಿಂತ ಯಾವಾಗಲೂ ಹೆಚ್ಚು, ಒಂದರಂತೆ ಇನ್ನೊಂದಿಲ್ಲ, ಆ ವ್ಯತ್ಯಾಸಗಳಲ್ಲಿ ಕೆಲವು ತಾಯಿತಂದೆಯಿಂದ ಬಂದು ಮಕ್ಕಳಿಗೆ ಹೋಗುವಂಥವು, ಹಸಿವು, ರೋಗ, ಬೇಟೆಗಾರ ಇವೆಲ್ಲ ಸೋಸಿ ಬಿಟ್ಟದ್ದೇ ಮುಂದಿನ ಪೀಳಿಗೆ. ಎಲ್ಲ ಚೆನ್ನಾಗಿತ್ತು, ನವಿಲಿನ ಸೋಗೆಯೊಂದು ಕಾಡುತ್ತಿತ್ತು. ಮೀಟರಿಗೂ ಮೀರಿದ ಉದ್ದದ ಆ ಹೊರೆ ಹೊತ್ತವನು ಚಿರತೆಯ ಬಾಯಿಗೆ ಮೊದಲು ಬೀಳಬೇಕಿತ್ತು. ಅದಕ್ಕೆ ಡಾರ್ವಿನ್ ಕೊಟ್ಟ ಉತ್ತರವೇ ಲೈಂಗಿಕ ಆಯ್ಕೆ: ಬದುಕಿ ಉಳಿದರೆ ಸಾಲದು, ಹೆಣ್ಣು ಒಪ್ಪಬೇಕು. ಪೀಳಿಗೆಯಿಂದ ಪೀಳಿಗೆಗೆ ಹೆಣ್ಣು ಸ್ವಲ್ಪ ಹೆಚ್ಚು ಚೆಂದದ ಸೋಗೆಯನ್ನೇ ಒಪ್ಪುತ್ತಾ ಬಂದರೆ, ಸೋಗೆ ಸಾವಿನ ಅಂಚಿನವರೆಗೂ ಬೆಳೆಯುತ್ತದೆ.

ಗಂಡಸರ ಸಭೆಗೆ ಇದು ರುಚಿಸಲಿಲ್ಲ. ಡಾರ್ವಿನ್ನನ ಜೊತೆಜೊತೆಗೇ ನಿಸರ್ಗದ ಆಯ್ಕೆಯನ್ನು ಕಂಡುಕೊಂಡಿದ್ದ ಆಲ್ಫ್ರೆಡ್ ರಸೆಲ್ ವಾಲೆಸ್ ಕೂಡ ಹಕ್ಕಿಯ ಹೆಣ್ಣಿಗೆ ಸೌಂದರ್ಯ ನೋಡಿ ಆರಿಸುವ ಶಕ್ತಿಯಿದೆ ಎಂಬುದನ್ನು ತಳ್ಳಿಹಾಕಿದ. ಸಾವು ಆರಿಸುತ್ತದೆ ಎಂದರೆ ಒಪ್ಪಿದರು, ಹೆಣ್ಣು ಆರಿಸುತ್ತಾಳೆ ಎಂದರೆ ಒಪ್ಪಲಿಲ್ಲ. ಆ ವಿಚಾರ ಹೆಚ್ಚುಕಡಿಮೆ ನೂರು ವರ್ಷ ಮೂಲೆಯಲ್ಲಿ ಕುಳಿತಿತ್ತು. ನಿನಗೆ ಇದು ಹೊಸದೇನಲ್ಲ, ನೋಡಿದ ತಪ್ಪಿಗೇ ಶಾಪ ಹೊತ್ತವಳು ನೀನು.

ಆಮೇಲಾದರೂ ಜನ ಹೆಣ್ಣು ನವಿಲನ್ನೇ ಕೇಳಿ ನೋಡಿದರು. 2013ರಲ್ಲಿ ಜೆಸಿಕಾ ಯೋರ್ಜಿನ್ಸ್ಕಿ ಮತ್ತು ಸಂಗಡಿಗರು ಹೆಣ್ಣು ನವಿಲಿನ ತಲೆಗೆ ಪುಟ್ಟ ಕ್ಯಾಮೆರಾ ತೊಡಿಸಿ ಅದರ ಕಣ್ಣು ಎಲ್ಲೆಲ್ಲಿ ಸುಳಿಯುತ್ತದೆ ಎಂದು ಅಳೆದರು. ಗಂಡು ಎದುರಿಗೆ ನಿಂತು ಗರಿಗಳನ್ನು ಗಲಗಲ ಅದುರಿಸುತ್ತಿದ್ದರೂ ಹೆಣ್ಣು ಅವನನ್ನು ನೋಡಿದ್ದು ಮೂರನೆಯ ಒಂದು ಪಾಲು ಹೊತ್ತಿಗಿಂತಲೂ ಕಡಿಮೆ. ಉಳಿದ ಹೊತ್ತೆಲ್ಲ ಸುತ್ತಮುತ್ತ. ನೋಡಿದಾಗಲೂ ನಾವು ಫೋಟೋ ತೆಗೆಯುವ ಕಿರೀಟ, ನೀಲಿ ಕೊರಳು ಅವಳಿಗೆ ಬೇಕಿರಲಿಲ್ಲ. ದೃಷ್ಟಿ ಹೋದದ್ದು ಸೋಗೆಯ ಕೆಳ ಅಂಚಿಗೆ, ಕಾಲಿನ ಕಡೆಗೆ. ಹುಡುಗನ ಮನೆಗೆ ಹೋದ ನಮ್ಮ ಅಜ್ಜಿಯಂದಿರು ಹಜಾರ ಬಿಟ್ಟು ಹಿತ್ತಲ ಬಾವಿ ನೋಡಿ ಬರುತ್ತಿದ್ದ ಹಾಗೆ. ಎಷ್ಟೋ ಲಕ್ಷ ವರ್ಷಗಳಿಂದ ಇಂಥ ಅರೆಮನಸ್ಸಿನ, ಕಡೆಗಣ್ಣಿನ ನೋಟವೇ ಆ ಮಹಾ ಆಡಂಬರವನ್ನು ಕಟ್ಟಿದೆ ಎಂದರೆ ನನಗೆ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ.

ಅವಳು ಅಲ್ಲಿ ಹುಡುಕುವುದೇನನ್ನು ಎಂಬ ಜಗಳ ಮುಗಿದಿಲ್ಲ. ಇಷ್ಟು ಭಾರ ಹೊತ್ತೂ ಬದುಕಿದ್ದಾನೆ ಎಂದರೆ ಗಟ್ಟಿಗನೇ ಇರಬೇಕು, ಸೋಗೆ ಅವನ ಆರೋಗ್ಯದ ಸಾಕ್ಷಿ ಎಂದ 1975ರಲ್ಲಿ ಇಸ್ರೇಲಿನ ಅಮೋಟ್ಸ್ ಜಹಾವಿ. ಇಂಗ್ಲೆಂಡಿನಲ್ಲಿ ಮೇರಿಯನ್ ಪೆಟ್ರಿ ಗರಿಗಳ ಕಣ್ಣೆಣಿಸಿ, ಹೆಚ್ಚು ಕಣ್ಣಿದ್ದವನಿಗೆ ಹೆಚ್ಚು ಹೆಣ್ಣು ಎಂದು 1991ರಲ್ಲಿ ತೋರಿಸಿದಳು. ಜಪಾನಿನವರು ಏಳು ವರ್ಷ ಕೂತು ನೋಡಿ, ನಮ್ಮಲ್ಲಿ ಹಾಗೇನೂ ಕಾಣಲಿಲ್ಲ ಎಂದು 2008ರಲ್ಲಿ ಬರೆದರು. ರೊನಾಲ್ಡ್ ಫಿಶರ್‌ನದು ಇವರೆಲ್ಲರಿಗಿಂತ ಹಳೆಯ, ಇನ್ನೂ ವಿಚಿತ್ರವಾದ ವಾದ: ಆರೋಗ್ಯದ ಮಾತೇ ಬೇಡ, ಮಗ ಅಪ್ಪನ ಸೋಗೆಯನ್ನೂ ಮಗಳು ಅಮ್ಮನ ಅಭಿರುಚಿಯನ್ನೂ ಪಡೆದರೆ ಸಾಕು, ಎರಡೂ ಒಂದನ್ನೊಂದು ತಳ್ಳಿಕೊಂಡು ಓಡುತ್ತವೆ. ಯಾರು ಸರಿ ಎಂದು ನೀನು ಹೇಳಬಲ್ಲೆ, ಹೇಳುವುದಿಲ್ಲ. ಇರಲಿ.

ಈಗ ಇನ್ನೊಂದು ಆಯ್ಕೆಯ ಮಾತು, ಕಣ್ಣಿಲ್ಲದ್ದು. ಜನವರಿ ಹಿಡಿದು ಮಾರ್ಚ್ ದಾಟುವವರೆಗೆ ಚೆನ್ನೈನ ಕಡಲಂಚಿಗೆ ಆಲಿವ್ ರಿಡ್ಲಿ ಆಮೆಗಳು ರಾತ್ರಿ ಹೊತ್ತು ಬರುತ್ತವೆ. ತಾಯಿ ಆಮೆ ಹಿಂಗಾಲಿನಿಂದ ಕುಳಿ ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಮುಚ್ಚಿ, ಹಿಂತಿರುಗಿ ನೋಡದೆ ನೀರಿಗಿಳಿಯುತ್ತದೆ. ಒಂದೂವರೆ ತಿಂಗಳ ಮೇಲೆ ಮರಿಗಳು ಹೊರಬರುತ್ತವೆ. ನಾಯಿ, ಕಾಗೆ, ಏಡಿ, ನೀರಿನೊಳಗೆ ಮೀನು: ದೊಡ್ಡದಾಗುವವರೆಗೆ ಬದುಕುವುದು ಎಲ್ಲೋ ಒಂದೆರಡು. ಆ ಒಂದೆರಡು ಬದುಕುವುದು ಎಷ್ಟೋ ಸಲ ಅದೃಷ್ಟದಿಂದಲೇ; ಆದರೂ ಅದೃಷ್ಟದ ಜೊತೆಗೆ ಒಂದಿಷ್ಟು ಹುಟ್ಟರಿವೂ ಕೆಲಸ ಮಾಡಬೇಕು. ಕತ್ತಲಲ್ಲಿ ಕಡಲ ಕಡೆಯ ಬಾನಂಚು ನೆಲದ ಕಡೆಗಿಂತ ಬೆಳ್ಳಗಿರುತ್ತದೆ. ಬೆಳಕಿನತ್ತ ಹೋದ ಮರಿ ಉಳಿಯಿತು, ಕತ್ತಲಿನತ್ತ ಹೋದದ್ದು ಉಳಿಯಲಿಲ್ಲ. ಕೋಟ್ಯಂತರ ಸಾವುಗಳು ಸೇರಿ ಆಮೆಮರಿಯ ತಲೆಯಲ್ಲಿ ಬರೆದ ಒಂದೇ ಆಜ್ಞೆ ಅದು: ಬೆಳಕಿನ ಕಡೆ ನಡೆ.

ನಾವು ಬಂದು ಕಡಲ ತೀರದುದ್ದಕ್ಕೂ ಸೋಡಿಯಂ ದೀಪ ಹಚ್ಚಿದೆವು, ಆಮೇಲೆ ಎಲ್‌ಇಡಿ ಹಚ್ಚಿದೆವು. ಮರಿಗಳು ಆಜ್ಞೆ ಮೀರಲಿಲ್ಲ. ಬೆಳಕಿನ ಕಡೆಗೇ ನಡೆದವು, ರಸ್ತೆಗೆ. 1988ರಿಂದ ಇಲ್ಲಿನ ವಿದ್ಯಾರ್ಥಿಗಳು ಕಡಲಾಮೆ ಸಂರಕ್ಷಣೆಯ ಸಂಘ ಕಟ್ಟಿಕೊಂಡು ಋತುವಿನ ರಾತ್ರಿಗಳಲ್ಲಿ ದಂಡೆಯುದ್ದಕ್ಕೂ ನಡೆದು, ಗೂಡು ಹುಡುಕಿ, ಮೊಟ್ಟೆಗಳನ್ನು ಬೇಲಿ ಹಾಕಿದ ಮರಳಿಗೆ ಸಾಗಿಸಿ, ಮರಿಯಾದ ಮೇಲೆ ನೀರಿಗೆ ಬಿಡುತ್ತಿದ್ದಾರೆ. ಅವರನ್ನು ನಿನ್ನ ಮಡಿಲಲ್ಲಿಟ್ಟು ಕಾಪಾಡು. ನಿಸರ್ಗಕ್ಕೆ ಬಿಟ್ಟುಬಿಡಿ, ಬಲವಿದ್ದದ್ದು ಬದುಕುತ್ತದೆ ಎಂದು ಅವರಿಗೇ ಬುದ್ಧಿ ಹೇಳುವ ದೊಡ್ಡ ಮನುಷ್ಯರಿದ್ದಾರೆ. ಬೀದಿದೀಪ ಯಾವ ನಿಸರ್ಗ ಎಂದು ಆ ದೊಡ್ಡವರನ್ನು ಒಮ್ಮೆ ಕನಸಿನಲ್ಲಿ ಬಂದು ಕೇಳು.

ಇನ್ನು ನನ್ನ ಮುಖ್ಯ ಬಿನ್ನಹ, ಕೃಷ್ಣಮೃಗದ್ದು. ನಿನ್ನ ಗಂಡ ಕೈಯಲ್ಲಿ ಹಿಡಿದಿರುವುದು ಯಾವ ಜಿಂಕೆಯೋ ಗೊತ್ತಿಲ್ಲ. ಕೃಷ್ಣಾಜಿನ ಎಂದು ಋಷಿಗಳು ಕೂತದ್ದು ಮಾತ್ರ ಇದರ ತೊಗಲಿನ ಮೇಲೆಯೇ. ನಮ್ಮ ರಾಣೆಬೆನ್ನೂರಿನ ಕಡೆ ಇದನ್ನು ಚಿಗರಿ ಎನ್ನುತ್ತಾರೆ. ಅಲ್ಲಿ 1974ರಿಂದ ಚಿಗರಿಗಾಗಿಯೇ ಅಭಯಾರಣ್ಯವಿದೆ. ಆದರೆ ಅವು ಕಾಗದದ ಮೇಲಿನ ಗಡಿಯೊಳಗೆ ಮೇಯುವ ಜಾತಿಯಲ್ಲ. ಊರಿಗೆ ಹೋದಾಗ ಸೋದರಮಾವನ ಎದುರು ಅವುಗಳನ್ನು ಹೊಗಳಿದರೆ ಸಿಗುವ ಉತ್ತರ ಇದು: “ಚಿಗರಿ ಚಂದ ಅದಾವಪಾ, ಇಲ್ಲಾ ಅನ್ನಂಗಿಲ್ಲ. ಆದ್ರ ನಮ್ಮ ಶೇಂಗಾದ ಹೊಲದಾಗ ನಿಂತು ಯಾಕ ಚಂದ ಕಾಣಬೇಕು?” ಅವನ ಬೆಳೆಯನ್ನೂ ಕಾಯಿ ತಾಯಿ, ನಾನು ಚೆನ್ನೈನಲ್ಲಿ ಕೂತು ಪ್ರಾರ್ಥಿಸುವುದು ಸುಲಭ.

ಇಲ್ಲಿ ಗಿಂಡಿಯ ಪಕ್ಕದ ಐಐಟಿ ಆವರಣದ ಬಯಲಲ್ಲಿ ನಿಂತ ಒಂದು ಗಂಡನ್ನು ಹತ್ತಿರದಿಂದ ನೋಡಬೇಕು. ಹುಟ್ಟಿದಾಗ ಅದೂ ಹೆಣ್ಣಿನ ಹಾಗೆ ಒಣಹುಲ್ಲಿನ ಬಣ್ಣದ್ದೇ. ಮೂರರ ಪ್ರಾಯ ದಾಟುತ್ತಿದ್ದಂತೆ ಬೆನ್ನು ಕಪ್ಪೇರುತ್ತದೆ. ದಕ್ಷಿಣದ ಗಂಡುಗಳು ಉತ್ತರದವುಗಳಷ್ಟು ಕರ್ರಗಾಗದೆ ಕಡುಗಂದಿನಲ್ಲೇ ನಿಲ್ಲುವುದುಂಟು. ತಿರುಚಿದ ಕೋಡು ಮೊಳ ಮೀರಿ ಬೆಳೆಯುತ್ತದೆ. ತನ್ನದೆಂದು ಹಿಡಿದ ನೆಲದಲ್ಲಿ ಒಂದೇ ಜಾಗಕ್ಕೆ ಬಂದುಬಂದು ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ, ಕಣ್ಣಿನ ಬುಡದ ಗ್ರಂಥಿಯನ್ನು ಹುಲ್ಲುಕಡ್ಡಿಗೆ ಒತ್ತಿ ವಾಸನೆ ಅಂಟಿಸುತ್ತದೆ. ಹೆಣ್ಣು ಸುಳಿದರೆ ಮೂಗು ಬಾನಿಗೆತ್ತಿ, ಕೋಡನ್ನು ಬೆನ್ನಿಗೊರಗಿಸಿ, ಕಿವಿ ಇಳಿಬಿಟ್ಟು, ಬಾಲ ಮೇಲಕ್ಕೆ ಸುರುಳಿ ಮಾಡಿ ಸಣ್ಣಸಣ್ಣ ಹೆಜ್ಜೆಯಲ್ಲಿ ಅವಳ ಸುತ್ತ ನಡೆಯುತ್ತದೆ. ಹಾಗೆ ತಲೆಯೆತ್ತಿ ನಡೆಯುವಾಗ ಕಾಲ ಕೆಳಗಿನ ಕಲ್ಲೂ ಕಾಣಿಸದೇನೋ, ಹಿಂದಿನಿಂದ ಬರುವ ನಾಯಿಯಂತೂ ದೂರದ ಮಾತು. ಹೆಣ್ಣು ಹುಲ್ಲು ಮೇಯುತ್ತಿರುತ್ತದೆ.

ಒಂದೇ ಮೈಯಲ್ಲಿ ಎರಡೂ ಆಯ್ಕೆಗಳ ಕೈಬರಹ ಇಲ್ಲಿದೆ. ಹೆಣ್ಣಿನ ಮಾಸಲು ಬಣ್ಣ, ಹುಲ್ಲಿನೊಳಗೆ ಅಲುಗದೆ ಮಲಗುವ ಮರಿ, ಗಂಟೆಗೆ ಸುಮಾರು 80 ಕಿಲೋಮೀಟರ್ ಓಟ, ಇವು ಸಾವು ಬರೆದವು. ಕಪ್ಪು ಬೆನ್ನು, ಕೋಡು, ಆ ನಡಿಗೆ, ಇವು ಹೆಣ್ಣಿನ ಒಲವೂ ಗಂಡುಗಂಡಿನ ಕಾದಾಟವೂ ಸೇರಿ ಬರೆದವು. ಓಟವನ್ನು ಬರೆಸಿದ ಸಾವಿಗೆ ಒಂದು ಹೆಸರೂ ಇತ್ತು: ಚೀತಾ. ಇಂದಿನ ಛತ್ತೀಸ್‌ಗಢದ ಕೊರಿಯಾದಲ್ಲಿ 1947ರಲ್ಲಿ ಅಲ್ಲಿನ ಮಹಾರಾಜ ಮೂರನ್ನು ಹೊಡೆದ. 1952ರಲ್ಲಿ ಸರ್ಕಾರವೇ ಚೀತಾ ಮುಗಿಯಿತು ಎಂದಿತು. 2022ರಲ್ಲಿ ನಮೀಬಿಯಾದಿಂದ ಕುನೋ ಕಾಡಿಗೆ ತಂದವು ಬೇರೆ ಖಂಡದವು, ಬೇರೆ ಕಥೆ. ಅಷ್ಟು ಜೋರಾಗಿ ಅಟ್ಟಿಸಿಕೊಂಡು ಬರುವವನೇ ಇಲ್ಲದೆ ಚಿಗರಿ ಮಾತ್ರ ಇನ್ನೂ ಅಷ್ಟೇ ವೇಗವಾಗಿ ಓಡುತ್ತದೆ. ಗಿಂಡಿಯಲ್ಲಿ ಅದರ ಓಟ ಮುಗಿಯುವ ಹೊತ್ತಿಗೆ ಗೋಡೆ ಬಂದಿರುತ್ತದೆ.

ಗಿಂಡಿಯ ಕಥೆ ನಿನಗೆ ಗೊತ್ತಿದ್ದದ್ದೇ. ಬ್ರಿಟಿಷ್ ಗವರ್ನರುಗಳ ಬೇಟೆಯ ಕಾಡು. 1948ರಲ್ಲಿ ಮದರಾಸಿನ ಗವರ್ನರಾಗಿ ಬಂದ ಭಾವನಗರದ ಕೃಷ್ಣಕುಮಾರಸಿಂಹಜಿ ತಮ್ಮ ಸೀಮೆಯಿಂದ ಬಿಳಿ ಕೃಷ್ಣಮೃಗಗಳನ್ನು ಇಲ್ಲಿಗೆ ತಂದರೆಂಬ ಮಾತಿದೆ. ಬಯಲುಸೀಮೆಯಲ್ಲಿ ಬೆಳ್ಳಗೆ ಹೊಳೆಯುವ ಜಿಂಕೆ ಎಷ್ಟು ದಿನ ಬಾಳೀತು? ಗವರ್ನರರ ನಿವಾಸದ ಬೇಲಿಯೊಳಗೆ ಬಾಳಬಲ್ಲದು. ಸಾವು ತನ್ನ ಜರಡಿ ಕೆಳಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅದೇ ನಿದರ್ಶನ. 1959ರಲ್ಲಿ ಕಾಡಿನ ಒಂದು ಭಾಗ ಐಐಟಿಯಾಯಿತು, ಒಂದಷ್ಟು ನಾಯಕರ ಸ್ಮಾರಕಗಳಿಗೆ ಹೋಯಿತು. ಉಳಿದ 2.7 ಚದರ ಕಿಲೋಮೀಟರ್ 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹೊರಗಿನಿಂದ ತಂದು ಬಿಟ್ಟ ಚುಕ್ಕೆ ಜಿಂಕೆಗಳು ಮರದ ನೆರಳನ್ನು ಒಪ್ಪಿಕೊಂಡು ಹೆಚ್ಚಿದವು. ಬಯಲನ್ನೇ ನಂಬಿದ ಕೃಷ್ಣಮೃಗಗಳು ಕಡಿಮೆಯಾಗುತ್ತಾ ಬಂದವು. ಅವು ಹೆಚ್ಚಾಗಿ ಕಾಣುವುದು ಪೋಲೋ ಮೈದಾನ ಎಂದು ಕರೆಯುವ ಹುಲ್ಲುಬಯಲಲ್ಲಿ. ಅಲ್ಲೂ ಪೊದೆ ಒಳನುಗ್ಗುತ್ತದೆ.

ಪೊದೆ ಬೆಳೆದರೆ ಏನಾಯಿತು, ಹಸಿರೇ ಅಲ್ಲವೇ ಎನ್ನುತ್ತಾರೆ. ಮರವೆಂದರೆ ಪುಣ್ಯ, ಬಯಲೆಂದರೆ ಬಂಜರು ಎಂಬ ನಂಬಿಕೆ ನಮ್ಮ ಅರಣ್ಯ ಇಲಾಖೆಗಳಿಗೂ ಇತ್ತು, ನಮಗೂ ಇದೆ. ರಾಣೆಬೆನ್ನೂರಿನ ಚಿಗರಿಯ ನೆಲದಲ್ಲೂ ನೀಲಗಿರಿ ಎದ್ದು ನಿಂತಿತು. ಪೊದೆಯಿಂದ ಏನಾಗುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ಅವರ ಕೆಲಸ ನೋಡಬೇಕು. ಗುಜರಾತಿನ ವೇಳಾವದರ್‌ನಂಥ ವಿಶಾಲ ಬಯಲುಗಳಲ್ಲಿ ಗಂಡು ಕೃಷ್ಣಮೃಗಗಳು ಒಂದೇ ಕಡೆ ಒತ್ತೊತ್ತಾಗಿ ಪುಟ್ಟಪುಟ್ಟ ತುಂಡುನೆಲ ಹಿಡಿದು ನಿಲ್ಲುತ್ತವೆ. ಇದಕ್ಕೆ ಲೆಕ್ ಎನ್ನುತ್ತಾರೆ. ಅಲ್ಲಿ ನೀರಿಲ್ಲ, ಒಳ್ಳೆ ಮೇವಿಲ್ಲ, ಗಂಡುಗಳ ವಿನಾ ಕೊಡಲು ಏನೂ ಇಲ್ಲ. ಹೆಣ್ಣುಗಳು ಬರುತ್ತವೆ, ಸುತ್ತಾಡಿ ನೋಡುತ್ತವೆ, ಒಪ್ಪಿದವನೊಡನೆ ಕೂಡಿ ಹೊರಟುಹೋಗುತ್ತವೆ. ನಟ್ಟನಡುವಿನ ಜಾಗಕ್ಕಾಗಿ ಗಂಡುಗಳು ಹಗಲಿಡೀ ಕೋಡು ತಾಕಿಸಿ, ಮೇವು ಬಿಟ್ಟು ಸೊರಗುತ್ತವೆ. ಎಲ್ಲ ಊರಿನ ಕೃಷ್ಣಮೃಗವೂ ಹೀಗೆ ಮಾಡುವುದಿಲ್ಲ. ದೇಶದ ಬೇರೆಬೇರೆ ಕಡೆಯ ಹಿಂಡುಗಳನ್ನು ಹೋಲಿಸಿ ಅವರು 2005ರಲ್ಲಿ ಹೇಳಿದ್ದು ಇಷ್ಟು: ಹೆಣ್ಣುಗಳು ದೊಡ್ಡ ಗುಂಪು ಕಟ್ಟುವಲ್ಲಿ ಲೆಕ್ ಹುಟ್ಟುತ್ತದೆ. ಗುಂಪು ದೊಡ್ಡದಾಗುವುದು ಬಯಲು ತೆರೆದಿದ್ದಲ್ಲಿ ಎಂಬುದೂ ಅವರದೇ ಇನ್ನೊಂದು ಅಧ್ಯಯನದ ಮಾತು.

ಈ ಎರಡನ್ನು ಒಟ್ಟಿಗಿಟ್ಟು ಗಿಂಡಿಯತ್ತ ನೋಡು ತಾಯಿ. ಪೊದೆ ಹಬ್ಬಿದರೆ ದೂರ ಕಾಣದು. ದೂರ ಕಾಣದಿದ್ದರೆ ಗುಂಪು ಒಡೆಯುತ್ತದೆ. ಗುಂಪು ಒಡೆದರೆ ಹೆಣ್ಣಿನೆದುರು ಹತ್ತು ಗಂಡು ನಿಲ್ಲುವುದಿಲ್ಲ, ಆ ಪೊದೆಯ ಮರೆಯಲ್ಲಿದ್ದ ಒಬ್ಬನೇ ಗತಿ. ಸಂಖ್ಯೆ ಬೆರಳೆಣಿಕೆಗೆ ಇಳಿದ ಮೇಲೆ ಯಾವ ಗುಣ ಉಳಿಯಬೇಕು, ಯಾವುದು ಅಳಿಯಬೇಕು ಎನ್ನುವುದನ್ನು ಸಾವೂ ತೀರ್ಮಾನಿಸುವುದಿಲ್ಲ, ಹೆಣ್ಣೂ ತೀರ್ಮಾನಿಸುವುದಿಲ್ಲ. ಒಂದು ಮಳೆಗಾಲದ ಪ್ರವಾಹ, ಒಂದು ರಾತ್ರಿಯ ನಾಯಿದಾಳಿ, ಬರೀ ಯೋಗಾಯೋಗ ತೀರ್ಮಾನಿಸುತ್ತದೆ. ಅಣ್ಣತಂಗಿ ಕೂಡಿದ ಮರಿಗಳು ಹೆಚ್ಚುತ್ತವೆ. ಆಗಲೂ ಅಲ್ಲಿ ಕೃಷ್ಣಮೃಗ ಇದೆ ಎಂದು ಫಲಕ ಹೇಳುತ್ತಿರುತ್ತದೆ. ಕೋವಿಯಿಂದ ಪ್ರಾಣಿಯನ್ನು ಕಿತ್ತುಕೊಳ್ಳುವುದು ನಮಗೆ ಪಾಪವೆಂದು ಗೊತ್ತಾಗಿದೆ, 1972ರ ವನ್ಯಜೀವಿ ಕಾನೂನೂ ಇದೆ. ಅದರ ಆಯ್ಕೆಯನ್ನು ಕಿತ್ತುಕೊಳ್ಳುವುದಕ್ಕೆ ಕಾನೂನಿನಲ್ಲಿ ಹೆಸರಿಲ್ಲ.

ಆದ್ದರಿಂದ ನಾನು ಕೇಳುವುದು ದಯೆಯನ್ನಲ್ಲ. ಹುಲ್ಲೆಯನ್ನು ಯಾವುದೂ ಹಿಡಿಯದಿರಲಿ, ಆಮೆಮರಿಯನ್ನು ಯಾವ ಕಾಗೆಯೂ ಮುಟ್ಟದಿರಲಿ ಎಂದು ಬೇಡಿದರೆ ನಾನು ನಿನ್ನ ಕೆಲಸ ಕೆಡಿಸಿದಂತೆ. ಸಾವು ತನ್ನ ಪಾಲು ತೆಗೆದುಕೊಳ್ಳಲಿ. ಹೆಣ್ಣು ತನ್ನ ಮನಸ್ಸಿಗೆ ಬಂದವನನ್ನು ಒಪ್ಪಲಿ, ನಮಗೆ ಕಾರಣ ತಿಳಿಯದಿದ್ದರೂ ಸರಿ. ಅವೆರಡಕ್ಕೂ ಬೇಕಾದಷ್ಟು ಜಾಗ ಕೊಡಿಸು, ಅಷ್ಟೇ. ಪೋಲೋ ಮೈದಾನದ ಪೊದೆ ಸವರಲು ಅಧಿಕಾರಿಗಳಿಗೆ ಮನಸ್ಸು ಕೊಡು, ಸವರಿದಾಗ ಮರ ಕಡಿದರೆಂದು ಬೊಬ್ಬೆ ಹಾಕುವ ನನ್ನಂಥವರಿಗೆ ತಾಳ್ಮೆ ಕೊಡು. ಗಿಂಡಿಯ ಗೋಡೆಗಳ ಆಚೆಗಿನ ಹಿಂಡಿಗೂ ಈಚೆಗಿನ ಹಿಂಡಿಗೂ ಸಂಬಂಧ ಬೆಳೆಸುವ ದಾರಿಯೊಂದನ್ನು ತಿಳಿದವರಿಗೆ ಹೊಳೆಯಿಸು. ತಿಂಗಳು ಮೂರಾದರೂ ಕಡಲಂಚಿನ ದೀಪಗಳು ಹೊತ್ತಿಗೆ ಸರಿಯಾಗಿ ಆರಲಿ.

ಇನ್ನೊಂದು ಸಣ್ಣ ಬೇಡಿಕೆ. ಯೋಗ್ಯನೇ ಉಳಿಯುತ್ತಾನೆ ಎಂಬ ಮಾತು ಡಾರ್ವಿನ್ನನದಲ್ಲ, 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಟಂಕಿಸಿದ್ದು. ಅದನ್ನು ಹಿಡಿದು ಬಡವನ ಸೋಲಿಗೂ, ಗಂಡಸಿನ ದರ್ಪಕ್ಕೂ ನಿಸರ್ಗದ ರುಜು ಹಾಕಿಸುವವರು ಆಗಲೂ ಇದ್ದರು, ವಾಟ್ಸಾಪಿನಲ್ಲಿ ಈಗಲೂ ಇದ್ದಾರೆ. ಜಿಂಕೆಯ ಬದುಕಿನಿಂದ ನಮ್ಮ ಮನೆಗೆ ನೀತಿ ಕಡ ತರುವ ಆ ಚಾಳಿಯಿಂದ ನಮ್ಮನ್ನು ಬಿಡಿಸು.

ಹರಕೆ ಇಲ್ಲದೆ ಕೇಳಬಾರದಂತೆ. ನವಿಲುಗರಿ ತಂದೊಪ್ಪಿಸುತ್ತೇನೆ ಎಂದು ನಿನ್ನೆದುರು ಹೇಳುವ ಧೈರ್ಯವಿಲ್ಲ. ಬರುವ ಫೆಬ್ರವರಿಯಲ್ಲಿ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ಆಮೆಗೂಡು ಹುಡುಕುವ ಹುಡುಗರ ಹಿಂದೆ ಒಂದು ರಾತ್ರಿ ಮೊಟ್ಟೆಯ ಚೀಲ ಹೊತ್ತು ನಡೆಯುತ್ತೇನೆ. ಮಂಡಿ ನೋವಿದೆ ತಾಯಿ, ಮರಳು ಬೇರೆ. ತಿರುವಾನ್ಮಿಯೂರಿನಲ್ಲಿ ಸ್ವಲ್ಪ ಕೂತು ಎದ್ದರೆ ಅದನ್ನು ಹರಕೆಯಲ್ಲಿ ಕಡಿತ ಮಾಡಬೇಡ.